ಕೆಂಬಂಡೆಯ ನಾಡಲ್ಲಿ ಬೇಸಿಗೆಯ ಓಟ: ಬೆಳಗ್ಗೆ ಹತ್ತರೊಳಗೆ ಮುಗಿಸಿ

ಅಮೆರಿಕದ ಯೂಟಾ ರಾಜ್ಯದ ದಕ್ಷಿಣ ಭಾಗಕ್ಕೆ ಹೋದಾಗ ನನಗೆ ಮೊದಲು ನೆನಪಾದದ್ದು ಬಾದಾಮಿ. ಅದೇ ಕೆಂಪು, ಅದೇ ಮರಳುಗಲ್ಲು. ಬಾದಾಮಿಯಲ್ಲಿ ಚಾಲುಕ್ಯರು ಉಳಿ ಹಿಡಿದು ಕೊರೆಸಿದರು. ಇಲ್ಲಿ ಮಳೆ ನೀರು ಮತ್ತು ಹಿಮ ಕೊರೆದಿವೆ. ಬಾದಾಮಿಯ ಹತ್ತಿರದ ಸಿಡಿಲಫಡಿಯಲ್ಲಿ ಒಂದು ಕಲ್ಲಿನ ಕಮಾನಿದೆಯಲ್ಲ, ಹಾಗೆ ತಾನಾಗಿ ಆದ ಕಮಾನುಗಳು ಇಲ್ಲಿನ ಆರ್ಚಸ್ ನ್ಯಾಷನಲ್ ಪಾರ್ಕ್ ಒಂದರಲ್ಲೇ ಎರಡು ಸಾವಿರಕ್ಕೂ ಜಾಸ್ತಿ.

ನಿಜ ಹೇಳಬೇಕೆಂದರೆ ಇಲ್ಲಿ ಓಡಲು ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು. ಆದರೆ ಅಮೆರಿಕದಲ್ಲಿ ಮಕ್ಕಳ ಶಾಲೆಗೆ ರಜೆ ಸಿಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಊರಿನಿಂದ ಅಪ್ಪ ಅಮ್ಮ ಬರುವುದೂ ಆಗಲೇ. ಹಾಗಾಗಿ ಬೇಸಿಗೆಯಲ್ಲೇ ಹೋಗುತ್ತೇವೆ. ಹೋಗಬಹುದು. ಜಾಗಗಳ ಪಟ್ಟಿ ಹಿಡಿದು ಹೊರಡುವ ಬದಲು ಎತ್ತರ ಮತ್ತು ಗಡಿಯಾರ ನೋಡಿಕೊಂಡು ಯೋಜನೆ ಮಾಡಬೇಕು, ಅಷ್ಟೇ.

ಮೊದಲು ಎತ್ತರ ನೋಡಿ

ಝಯಾನ್ ಪಾರ್ಕಿನ ಕಣಿವೆಯ ತಳ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಆರ್ಚಸ್ ಪಾರ್ಕಿನ ಪಕ್ಕದ ಮೋಆಬ್ ಊರೂ ಹೆಚ್ಚುಕಡಿಮೆ ಅಷ್ಟೇ. ಜುಲೈನಲ್ಲಿ ಎರಡೂ ಕಡೆ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಮಾಮೂಲು. ಬ್ರೈಸ್ ಕ್ಯಾನ್ಯನ್ ಪಾರ್ಕಿನ ಅಂಚು ಮಾತ್ರ 2,400ರಿಂದ 2,700 ಮೀಟರ್. ಅಲ್ಲಿ ಅದೇ ದಿನ ಹತ್ತು ಡಿಗ್ರಿಯಷ್ಟು ತಂಪು, ರಾತ್ರಿಗೆ ಸ್ವೆಟರ್ ಬೇಕು.

ಆದ್ದರಿಂದ ಉದ್ದದ ಓಟಗಳನ್ನೆಲ್ಲ ಮೇಲಿನ ಊರುಗಳಿಗೆ ಇಟ್ಟುಕೊಳ್ಳಿ. ಬ್ರೈಸ್‌ನ ಫೇರಿಲ್ಯಾಂಡ್ ಲೂಪ್ ಸುಮಾರು 13 ಕಿಲೋಮೀಟರ್. ‘ಹೂಡೂ’ ಎಂದು ಕರೆಯುವ ಕಲ್ಲಿನ ಕಂಬಗಳ ನಡುವೆ ಹತ್ತಿ ಇಳಿಯುವ ದಾರಿ, ಜನ ಕಡಿಮೆ. ಮೋಆಬ್‌ನಲ್ಲಿ ಉಳಿದುಕೊಂಡರೆ ಪಕ್ಕದ ಲಾ ಸಾಲ್ ಬೆಟ್ಟಗಳಿಗೆ ಕಾರು ಹತ್ತಿಸಿ. ಅದರ ಶಿಖರಗಳು 3,800 ಮೀಟರ್ ದಾಟುತ್ತವೆ. ಕೆಳಗೆ ಕಲ್ಲು ಕಾದ ಕಾವಲಿಯಾಗಿರುವಾಗ ಅಲ್ಲಿ ಮರಗಳ ನೆರಳಲ್ಲಿ ಓಡಬಹುದು.

ಒಂದು ಮಾತು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿ ಎಷ್ಟೇ ಚೆನ್ನಾಗಿ ಓಡುವವರಾದರೂ ಬ್ರೈಸ್‌ನಲ್ಲಿ ಮೊದಲ ದಿನ ಏದುಸಿರು ಬಂದೇ ಬರುತ್ತದೆ. ಮೊದಲ ದಿನ ನಡೆಯಿರಿ, ಎರಡನೇ ದಿನ ಓಡಿ.

ದಾರಿ ಮತ್ತು ಚೀಟಿ

ಲಾಸ್ ವೇಗಸ್‌ನಲ್ಲಿ ವಿಮಾನ ಇಳಿದರೆ ಝಯಾನ್‌ಗೆ ಮೂರು ಗಂಟೆಯೊಳಗಿನ ದಾರಿ. ಅಲ್ಲಿಂದ ಬ್ರೈಸ್, ಬಳಿಕ ಹೆದ್ದಾರಿ 12 ಹಿಡಿದು ಕ್ಯಾಪಿಟಲ್ ರೀಫ್ ಪಾರ್ಕ್, ಕೊನೆಗೆ ಮೋಆಬ್. ಯೂಟಾದ ಗಡಿಯಾರ ವೇಗಸ್‌ಗಿಂತ ಒಂದು ಗಂಟೆ ಮುಂದೆ. ಇದನ್ನು ಮರೆತು ನಾವು ಝಯಾನ್‌ನಲ್ಲಿ ಮೊದಲ ಬೆಳಗನ್ನೇ ಕಳೆದುಕೊಂಡೆವು. ಅಲ್ಲಿ ಬೇಸಿಗೆಯಲ್ಲಿ ಕಣಿವೆಯೊಳಗೆ ನಮ್ಮ ಕಾರು ಬಿಡುವುದಿಲ್ಲ. ಪಾರ್ಕಿನ ಉಚಿತ ಶಟಲ್ ಬಸ್ಸಲ್ಲೇ ಹೋಗಬೇಕು. ಮೊದಲ ಬಸ್ಸು ತಪ್ಪಿದರೆ ನೆರಳೂ ತಪ್ಪಿತು.

ಝಯಾನ್‌ನ ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ಬಂಡೆ ಹತ್ತುವ ಆಸೆ ಇದ್ದರೆ ಪರ್ಮಿಟ್ ಬೇಕು. 2022ರ ಏಪ್ರಿಲ್‌ನಿಂದ ಲಾಟರಿ ಎತ್ತಿ ಕೊಡುತ್ತಾರೆ. ಕೊನೆಯ ಭಾಗದಲ್ಲಿ ಎರಡೂ ಕಡೆ ಪ್ರಪಾತ, ಕೈಗೆ ಸರಪಳಿ. ಅದು ಓಡುವ ಜಾಗವಲ್ಲ. ಎತ್ತರ ಕಂಡರೆ ಭಯ ಇರುವವರು ಲಾಟರಿ ಹಾಕಲೇಬೇಡಿ, ಸುಮ್ನೆ ಇನ್ನೊಬ್ಬರ ಚೀಟಿ ಹಾಳು. ಊರಿನಿಂದ ಬಂದ ಹಿರಿಯರು ಜೊತೆಗಿದ್ದರೆ ಇನ್ನೊಂದು ವಿಷಯ. 2026ರಿಂದ ಕೆಲವು ಪಾರ್ಕ್‌ಗಳಲ್ಲಿ ಹೊರದೇಶದವರಿಗೆ ಪ್ರವೇಶ ದರ ಬೇರೆ, ಜಾಸ್ತಿ. ಆ ಪಟ್ಟಿಯಲ್ಲಿ ಝಯಾನ್ ಮತ್ತು ಬ್ರೈಸ್ ಎರಡೂ ಇವೆ. ಹೊರಡುವ ಮುಂಚೆ ಪಾರ್ಕಿನ ಜಾಲತಾಣ ನೋಡಿಕೊಳ್ಳಿ.

ಕಣಿವೆ ಎಂದರೆ ತಲೆಕೆಳಗಾದ ಬೆಟ್ಟ

ಚಾಮುಂಡಿ ಬೆಟ್ಟ ಹತ್ತುವಾಗ ಅರ್ಧಕ್ಕೇ ಸುಸ್ತಾದರೆ ಏನು ಮಾಡುತ್ತೇವೆ? ಇಳಿದು ಬರುತ್ತೇವೆ. ಬೆಟ್ಟ ಮೊದಲೇ ಎಚ್ಚರಿಕೆ ಕೊಡುತ್ತದೆ. ಬ್ರೈಸ್‌ನಲ್ಲಿ ಅಂಚಿನಿಂದ ಕೆಳಗೆ ಇಳಿಯುವ ದಾರಿಗಳು ಹಾಗಲ್ಲ. ಬೆಳಗಿನ ತಂಪಲ್ಲಿ ಹಾಯಾಗಿ ಇಳಿದುಬಿಡುತ್ತೀರಿ. ಸುಸ್ತಾದಾಗ ಗೊತ್ತಾಗುತ್ತದೆ, ವಾಪಸು ಹೋಗಬೇಕಾದರೆ ಹತ್ತಲೇಬೇಕು. ಅಷ್ಟರಲ್ಲಿ ಬಿಸಿಲೂ ಏರಿರುತ್ತದೆ. ಹಾಗಾಗಿ ಇಳಿಯಲು ಎಷ್ಟು ಹೊತ್ತಾಯಿತೋ ಅದರ ಎರಡರಷ್ಟು ಹೊತ್ತು ಹತ್ತಲು ಇಟ್ಟುಕೊಳ್ಳಿ. ನೀರನ್ನೂ ಅದೇ ಲೆಕ್ಕದಲ್ಲಿ ಉಳಿಸಿ.

ಜೂನ್ ಕೊನೆಗೆ ಮೋಆಬ್‌ನಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ಮುಳುಗುವುದು ಮುಕ್ಕಾಲು ಒಂಬತ್ತಕ್ಕೆ. ಐದೂವರೆಗೆ ದಾರಿಯ ಮೇಲಿರಿ, ಹತ್ತರೊಳಗೆ ಕಾರಿಗೆ ವಾಪಸು ಬನ್ನಿ. ಮಧ್ಯಾಹ್ನ ಊಟ, ನಿದ್ದೆ. ಸಂಜೆ ಏಳರ ನಂತರ ಸಣ್ಣ ನಡಿಗೆ. ಆರ್ಚಸ್ ಪಾರ್ಕಿನ ಡೆಲಿಕೇಟ್ ಆರ್ಚ್ ಎಂಬ ಕಮಾನಿಗೆ ಹೋಗಿ ಬರಲು ಬರೀ 4.8 ಕಿಲೋಮೀಟರ್. ಅಷ್ಟೇ ತಾನೇ ಎಂದು ನನ್ನ ಭಾವ ಹನ್ನೊಂದು ಗಂಟೆಗೆ ಅರ್ಧ ಲೀಟರ್ ಬಾಟಲಿ ಹಿಡಿದು ಹೊರಟರು. ದಾರಿಯಲ್ಲಿ ಒಂದು ಮರದ ನೆರಳೂ ಇಲ್ಲ. ಬೋಳುಬಂಡೆ ಕೆಳಗಿನಿಂದಲೂ ಸುಡುತ್ತದೆ. ಅರ್ಧದಲ್ಲಿ ಪರಿಚಯವೇ ಇಲ್ಲದ ಒಬ್ಬರು ನೀರು ಕೊಟ್ಟು ಹಿಂದಕ್ಕೆ ಕಳಿಸಿದರು. ಅದೇ ಕಮಾನನ್ನು ಮರುದಿನ ಸಂಜೆ ಆರಾಮವಾಗಿ ನೋಡಿದೆವು.

ಬೆವರು ಕಾಣುವುದಿಲ್ಲ

ಮಂಗಳೂರಿನಲ್ಲಿ ಓಡಿದರೆ ಅಂಗಿ ಹಿಂಡಬಹುದು. ಇಲ್ಲಿ ಗಾಳಿ ಎಷ್ಟು ಒಣ ಎಂದರೆ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ನಾನು ಬೆವರಲೇ ಇಲ್ಲ ಅನ್ನಿಸುತ್ತದೆ. ಟೋಪಿ ತೆಗೆದರೆ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ!

ಗಂಟೆಗೆ ಅರ್ಧದಿಂದ ಒಂದು ಲೀಟರ್, ದಿನಕ್ಕೆ ನಾಲ್ಕು ಲೀಟರ್ ನೀರು ಇಟ್ಟುಕೊಳ್ಳಿ. ಓಡುವವರಿಗೆ ಬೆನ್ನಿಗೆ ಅಂಟುವ ನೀರಿನ ವೆಸ್ಟ್ ಅನುಕೂಲ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೂ ಅಪಾಯ. ರಕ್ತದಲ್ಲಿ ಉಪ್ಪಿನಂಶ ಇಳಿದು ವಾಂತಿ, ತಲೆನೋವು ಶುರುವಾಗುತ್ತದೆ. ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಒಂದು ಬಾಟಲಿ ಮಾಡಿಕೊಳ್ಳಿ. ಓಟಗಾರರು ತಿನ್ನುವ ದುಬಾರಿ ಜೆಲ್‌ಗಳಿಗಿಂತ ನಮ್ಮ ಖಾರದ ಅವಲಕ್ಕಿ, ಚಕ್ಕುಲಿ ನನಗೆ ಹೆಚ್ಚು ಒಗ್ಗಿದವು. ಪುಳಿಯೋಗರೆ ಇನ್ನೂ ಚೆನ್ನ, ಆದರೆ ಓಡುತ್ತಾ ತಿನ್ನಲಾಗುವುದಿಲ್ಲ.

ಜೊತೆಗಿದ್ದವರು ಮಾತು ತೊದಲಿದರೆ, ಗಲಿಬಿಲಿಗೊಂಡರೆ ಅದು ಬರೀ ದಣಿವಲ್ಲ, ಬಿಸಿಲಿನ ಹೊಡೆತ. ನೆರಳಿಗೆ ಕರೆದೊಯ್ದು ಮೈ ಒದ್ದೆ ಮಾಡಿ, ಗಾಳಿ ಹಾಕಿ, 911ಕ್ಕೆ ಕರೆ ಮಾಡಿ. ಹಲವು ಕಡೆ ಸಿಗ್ನಲ್ ಇರುವುದಿಲ್ಲ. ಒಬ್ಬರೇ ಹೋಗಬೇಡಿ ಅನ್ನುವುದು ಇದಕ್ಕೇ.

ಕಾಲು ಎಲ್ಲಿಡಬೇಕು

ಬೋಳುಬಂಡೆಯನ್ನು ಇಲ್ಲಿ ‘ಸ್ಲಿಕ್‌ರಾಕ್’ ಅನ್ನುತ್ತಾರೆ. ಹೆಸರು ಜಾರುವ ಬಂಡೆ, ಆದರೆ ಒಣಗಿದ್ದಾಗ ರಬ್ಬರ್ ತಳದ ಶೂ ಅದನ್ನು ಚೆನ್ನಾಗಿ ಕಚ್ಚುತ್ತದೆ. ಮೇಲೆ ಮರಳು ಹರಡಿದ್ದರೆ ಮಾತ್ರ ಜಾರುತ್ತದೆ. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಿರಲಿ, ಹಿಂದಕ್ಕೆ ವಾಲಬೇಡಿ. ಏರಿನಲ್ಲಿ ನಡೆಯಿರಿ, ಅದೇನೂ ಅವಮಾನವಲ್ಲ. ಎದುರಿಗೆ ಹತ್ತಿ ಬರುವವರಿಗೆ ದಾರಿ ಬಿಡುವುದು ಇಲ್ಲಿನ ಪದ್ಧತಿ.

ಬಂಡೆಯ ಮೇಲೆ ಕಾಲುದಾರಿ ಮೂಡುವುದಿಲ್ಲ. ಅಲ್ಲಲ್ಲಿ ಪೇರಿಸಿಟ್ಟ ಕಲ್ಲಿನ ಗುಪ್ಪೆಗಳೇ ಗುರುತು. ಒಂದು ಗುಪ್ಪೆ ಬಿಡುವ ಮುಂಚೆ ಮುಂದಿನದು ಕಣ್ಣಿಗೆ ಬೀಳಬೇಕು. ನಮ್ಮಲ್ಲಿ ಕೆಲವು ಬೆಟ್ಟಗಳ ಮೇಲೆ ಮನೆ ಕಟ್ಟುವ ಹರಕೆಗೆ ಕಲ್ಲು ಜೋಡಿಸುತ್ತೇವೆ, ಅಲ್ವಾ? ಇಲ್ಲಿ ಮಾತ್ರ ಆ ಕೆಲಸ ಬೇಡ. ನಿಮ್ಮ ಹರಕೆಯ ಕಲ್ಲು ಹಿಂದೆ ಬರುವವರ ದಾರಿ ತಪ್ಪಿಸುತ್ತದೆ.

ಮಣ್ಣಿನ ಮೇಲೆ ಕಪ್ಪಗೆ ಉಬ್ಬಿದ, ಸುಟ್ಟಂತಿರುವ ಪದರ ಕಂಡರೆ ತುಳಿಯಬೇಡಿ. ಅದು ಜೀವಂತ ಮಣ್ಣು. ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿ ಸೇರಿ ಮರಳನ್ನು ಹಿಡಿದಿಟ್ಟಿರುತ್ತವೆ. ಒಂದು ಹೆಜ್ಜೆಗುರುತು ಮಾಯಲು ದಶಕಗಳು ಬೇಕು.

ಮೋಡ ಕಂಡರೆ

ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಇಲ್ಲೂ ಒಂದು ಮಳೆಗಾಲವಿದೆ. ಮಧ್ಯಾಹ್ನ ದಿಢೀರ್ ಗುಡುಗು, ಮಿಂಚು. ನಮ್ಮ ತಲೆಯ ಮೇಲೆ ನೀಲಿ ಆಕಾಶ ಇರುವಾಗಲೂ ದೂರದಲ್ಲೆಲ್ಲೋ ಬಿದ್ದ ಮಳೆ ಕಿರುಕಣಿವೆಗೆ ನುಗ್ಗಬಹುದು. ಬೋಳುಬಂಡೆ ನೀರು ಹೀರುವುದಿಲ್ಲವಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಝಯಾನ್‌ನ ಕೀಹೋಲ್ ಕಣಿವೆಯಲ್ಲಿ ಏಳು ಜನ ದಿಢೀರ್ ಪ್ರವಾಹಕ್ಕೆ ಸಿಕ್ಕಿ ಸತ್ತರು.

ಝಯಾನ್‌ನ ನ್ಯಾರೋಸ್ ಎಂಬ ಕಿರಿದಾದ ಕಣಿವೆಯಲ್ಲಿ ವರ್ಜಿನ್ ನದಿಯ ನೀರೊಳಗೇ ನಡೆಯುವುದು ಬೇಸಿಗೆಯ ದೊಡ್ಡ ಸುಖ. ಆದರೆ ಆ ದಿನದ ಪ್ರವಾಹ ಸೂಚನೆಯನ್ನು ಮಾಹಿತಿ ಕೇಂದ್ರದಲ್ಲಿ ಓದದೆ ಇಳಿಯಬೇಡಿ. ನೀರು ಕೆಂಪಗೆ ಕದಡಿದರೆ, ಕಡ್ಡಿ ಕಸ ತೇಲಿ ಬಂದರೆ ಕೂಡಲೇ ಎತ್ತರಕ್ಕೆ ಹತ್ತಿ. ಫೋಟೊ ಆಮೇಲೆ.

ನಡುವೆ ಒಂದು ದಿನ ಕ್ಯಾಪಿಟಲ್ ರೀಫ್‌ನ ಫ್ರೂಟಾದಲ್ಲಿ ಕಾಲಿಗೆ ವಿಶ್ರಾಂತಿ ಕೊಡಿ. ಹಿಂದೆ ಅಲ್ಲಿದ್ದ ಮಾರ್ಮನ್ ಎಂಬ ಕ್ರೈಸ್ತ ಪಂಥದ ರೈತರು ನೆಟ್ಟ ಹಣ್ಣಿನ ತೋಟಗಳನ್ನು ಪಾರ್ಕ್ ಈಗಲೂ ನೋಡಿಕೊಳ್ಳುತ್ತಿದೆ. ಬೇಸಿಗೆಯಲ್ಲಿ ಚೆರ್ರಿ, ಏಪ್ರಿಕಾಟ್, ಪೀಚ್ ಒಂದಾದ ಮೇಲೊಂದು ಹಣ್ಣಾಗುತ್ತವೆ. ಕೊಯ್ಯಲು ಬಿಟ್ಟ ತೋಟದಲ್ಲಿ ಅಲ್ಲೇ ಕಿತ್ತು ತಿನ್ನಬಹುದು.

ಕೊನೆಗೆ ಒಂದು ಸಣ್ಣ ವಿಷಯ. ಬಿಳಿ ಕಾಲುಚೀಲ ತರಬೇಡಿ. ಈ ಮರಳಿನ ಕೆಂಪು ಕಬ್ಬಿಣದ ತುಕ್ಕಿನ ಬಣ್ಣ. ನನ್ನ ಮೂರು ಜೊತೆ ಎಷ್ಟು ಒಗೆದರೂ ಇವತ್ತಿಗೂ ಕಾವಿಯಾಗಿಯೇ ಇವೆ.