ಆರು ವರ್ಷದ ಮಗುವಿಗೆ ಐಟಂ ಸಾಂಗ್ ಬೇಡ ಅನ್ನುವುದು ಹೇಗೆ?

ಮನೆಗೆ ನೆಂಟರು ಬಂದಿರುತ್ತಾರೆ. "ಪುಟ್ಟೀ, ಆ ಹಾಡಿಗೆ ಡ್ಯಾನ್ಸ್ ಮಾಡಿ ತೋರಿಸು" ಎನ್ನುತ್ತೇವೆ. ಹಾಡು ಸಿನಿಮಾದ ಐಟಂ ಸಾಂಗ್. ಮಗು ಸೊಂಟ ಕುಣಿಸುತ್ತದೆ, ಕಣ್ಣು ಹೊಡೆಯುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹಾಡಿನ ಅರ್ಥ ಮಗುವಿಗೆ ಗೊತ್ತಿಲ್ಲ. ಹೀಗೆ ಮಾಡಿದರೆ ದೊಡ್ಡವರಿಗೆ ಖುಷಿಯಾಗುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಮಕ್ಕಳನ್ನು ಹಾಳು ಮಾಡುತ್ತಿರುವುದು ಮೊಬೈಲ್ ಎಂದು ಬೈಯುವುದು ಸುಲಭ. ಆದರೆ ಹಾಡು ಆರಿಸುವವರು, ಬಟ್ಟೆ ಕೊಡಿಸುವವರು, ಚಪ್ಪಾಳೆ ತಟ್ಟುವವರು ನಾವೇ ಅಲ್ವಾ? ಹಾಗಾಗಿ ಕೆಲಸವನ್ನೂ ನಮ್ಮಿಂದಲೇ ಶುರು ಮಾಡೋಣ.

ಮೊದಲು ಮನೆಯ ಮಾತು

"ಸ್ಕೂಲಲ್ಲಿ ನಿನ್ನ ಗರ್ಲ್‌ಫ್ರೆಂಡ್ ಯಾರೋ?" ಒಂದನೇ ಕ್ಲಾಸಿನ ಹುಡುಗನಿಗೆ ಕೇಳುವ ಪ್ರಶ್ನೆ ಇದು. ಕೇಳುವವರಿಗೆ ತಮಾಷೆ. ಹುಡುಗ ಮಾತ್ರ ಮಾರನೇ ದಿನದಿಂದ ಪಕ್ಕದ ಬೆಂಚಿನ ಹುಡುಗಿಯ ಜೊತೆ ಆಡಲು ನಾಚಿಕೊಳ್ಳುತ್ತಾನೆ. ಇದನ್ನು ನಿಲ್ಲಿಸಲು ಜಗಳ ಬೇಕಿಲ್ಲ. "ಮಾವ, ಅವನಿಗೆ ತುಂಬಾ ಫ್ರೆಂಡ್ಸ್ ಇದ್ದಾರೆ, ಏನೇನು ಆಟ ಆಡ್ತಾರೆ ಕೇಳಿ" ಎಂದು ಮಾತು ತಿರುಗಿಸಿ. ಎರಡು ಸಲ ಹೀಗೆ ಮಾಡಿದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ.

ಆಮೇಲೆ ಪರದೆ

ಇದಕ್ಕೆ ಅರ್ಧ ಗಂಟೆ ಸಾಕು. ಚಿಕ್ಕ ಮಕ್ಕಳಿಗೆ ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಹಾಕಿ. ಅದರಲ್ಲಿ ವಯಸ್ಸಿಗೆ ತಕ್ಕಂತೆ ಮೂರು ಹಂತಗಳಿವೆ: 4 ವರ್ಷದವರೆಗೆ, 5ರಿಂದ 8, 9ರಿಂದ 12. ನೀವೇ ಆರಿಸಿದ ವಿಡಿಯೊ, ಚಾನೆಲ್ ಮಾತ್ರ ಕಾಣುವಂತೆ ಮಾಡುವ ಆಯ್ಕೆಯೂ ಇದೆ. ಅದನ್ನು ಆರಿಸಿಕೊಂಡರೆ ಮಗುವಿಗೆ ಹುಡುಕಾಟದ ಸೌಲಭ್ಯವೇ ಇರುವುದಿಲ್ಲ. ನನಗೆ ಹಿಡಿಸಿದ್ದು ಇದೇ.

ಒಟಿಟಿಯಲ್ಲಿ ಮಕ್ಕಳ ಪ್ರೊಫೈಲ್ ಮಾಡಿಟ್ಟು ಸುಮ್ಮನಾಗುವವರೇ ಜಾಸ್ತಿ. ಮಗು ಪಕ್ಕದಲ್ಲಿರುವ ಅಪ್ಪನ ಪ್ರೊಫೈಲ್ ಒತ್ತಿದರೆ ಮುಗಿಯಿತು. ಪಿನ್ ಹಾಕಬೇಕಾಗಿರುವುದು ದೊಡ್ಡವರ ಪ್ರೊಫೈಲಿಗೆ. 2021ರ ಐಟಿ ನಿಯಮಗಳ ಪ್ರಕಾರ ಒಟಿಟಿಗಳು ಯು, ಯು/ಎ 7+, 13+, 16+, ಎ ಎಂದು ವಯಸ್ಸು ತೋರಿಸಬೇಕು. 13+ ಮತ್ತು ಅದಕ್ಕಿಂತ ಮೇಲಿನವಕ್ಕೆ ಪೇರೆಂಟಲ್ ಲಾಕ್ ಕೊಡಲೇಬೇಕು. ಅಂದರೆ ಲಾಕ್ ಅಲ್ಲೇ ಇದೆ, ಹಾಕಬೇಕಾದವರು ನಾವು. ಥಿಯೇಟರಿನ ಸಿನಿಮಾಗಳಿಗೂ ಈಗ ಯುಎ ಒಳಗೆ ಇದೇ ಮೂರು ವಯಸ್ಸುಗಳಿವೆ. ಆದರೆ ಅವು ಪೋಷಕರಿಗೆ ಕೊಡುವ ಸೂಚನೆ ಮಾತ್ರ. ಬಾಗಿಲಲ್ಲಿ ನಿಮ್ಮನ್ನು ಯಾರೂ ತಡೆಯುವುದಿಲ್ಲ. ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ.

ಬಟ್ಟೆ ಅಂಗಡಿಯಲ್ಲಿ

ಇಲ್ಲಿ ಒಂದು ಎಚ್ಚರ. "ಇಂಥ ಬಟ್ಟೆ ಹಾಕ್ಕೊಂಡ್ರೆ ಜನ ಏನಂತಾರೆ?" ಎಂದು ಮಗುವಿಗೆ ಹೇಳಬೇಡಿ. ಅದು ಹೆಣ್ಣುಮಗುವಿಗೆ ತನ್ನ ಮೈ ಬಗ್ಗೆಯೇ ನಾಚಿಕೆ ಕಲಿಸುತ್ತದೆ. ತಪ್ಪು ಬಟ್ಟೆ ಹೊಲಿದವರದ್ದು, ಅದನ್ನು ಧರಿಸಿದ ಮಗುವಿನದ್ದಲ್ಲ. ಎಷ್ಟು ಉದ್ದ, ಎಷ್ಟು ಗಿಡ್ಡ ಎಂದು ಅಳೆಯುವುದರಲ್ಲೂ ಅರ್ಥವಿಲ್ಲ. ಬೇಸಿಗೆಯಲ್ಲಿ ಚಡ್ಡಿ, ತೋಳಿಲ್ಲದ ಅಂಗಿ ಹಾಕಿಕೊಂಡು ಮಗು ಹಾಯಾಗಿರಲಿ.

ನೋಡಬೇಕಾದ್ದು ಬೇರೆ. ಇದನ್ನು ಹಾಕಿಕೊಂಡು ಕುಂಟೆಬಿಲ್ಲೆ ಆಡಲು ಆಗುತ್ತದಾ? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬಹುದಾ? ಪದೇ ಪದೇ ಎಳೆದುಕೊಳ್ಳುತ್ತಾ, ಸರಿಮಾಡಿಕೊಳ್ಳುತ್ತಾ ಇರಬೇಕಾ? ಟ್ರಯಲ್ ರೂಮಿನಲ್ಲೇ ಮಗುವಿಗೆ ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಹಾರಿ ನೋಡಲು ಹೇಳಿ. ಎದೆಗೆ ಪ್ಯಾಡ್ ಇರುವ ಟಾಪ್, ಹೈ ಹೀಲ್ಸ್, ಟೀ ಶರ್ಟಿನ ಮೇಲೆ ದ್ವಂದ್ವಾರ್ಥದ ಬರಹ, ಇವನ್ನು ಮಾತ್ರ ಚರ್ಚೆಯಿಲ್ಲದೆ ಬಿಡಿ. ಗಂಡುಮಕ್ಕಳ ಶರ್ಟಿನ ಮೇಲಿನ ಬರಹವನ್ನೂ ಓದಿ. ಎಷ್ಟೋ ಮನೆಗಳಲ್ಲಿ ಅದನ್ನು ಓದುವುದೇ ಇಲ್ಲ.

ಹಾಗೆಂದು ಅಮ್ಮನ ಸೀರೆ ಸುತ್ತಿಕೊಂಡು, ಮುಖಕ್ಕೆಲ್ಲ ಪೌಡರ್ ಬಳಿದುಕೊಂಡು ಟೀಚರ್ ಆಟ ಆಡುವ ಮಗುವನ್ನು ತಡೆಯಬೇಡಿ. ಛದ್ಮವೇಷದಲ್ಲಿ ಒನಕೆ ಓಬವ್ವ ಆಗುವುದೂ ಆಟವೇ. ಅಲ್ಲಿ ಆಟ ಮಗುವಿನದ್ದು. ಮಗುವನ್ನು ಪುಟ್ಟ ಮಾಡೆಲ್ ಥರ ನಿಲ್ಲಿಸಿ ರೀಲ್ಸ್ ಮಾಡಿದಾಗ ಆಟ ನಮ್ಮದಾಗುತ್ತದೆ. ಆ ವಿಡಿಯೊವನ್ನು ಯಾರೋ ಎಲ್ಲೋ ಉಳಿಸಿಕೊಳ್ಳಬಹುದು. ನೀವು ಡಿಲೀಟ್ ಮಾಡಿದರೂ ಅವರ ಬಳಿ ಇರುತ್ತದೆ.

ಸ್ಕೂಲ್ ಡೇ ಹಾಡು

ಎಲ್ಲಕ್ಕಿಂತ ಕಷ್ಟದ್ದು ಇದು. ನಮ್ಮ ಮನೆಯೊಂದೇ ತೀರ್ಮಾನ ಮಾಡುವ ವಿಷಯವಲ್ಲ. ಟಿವಿ ಡ್ಯಾನ್ಸ್ ಷೋಗಳಲ್ಲಿ ಸಿನಿಮಾದ ದೊಡ್ಡವರ ಹೆಜ್ಜೆಗಳನ್ನು ಮಕ್ಕಳಿಂದ ಮಾಡಿಸುತ್ತಿರುವುದನ್ನು ನೋಡಿ, ಎಚ್ಚರ ವಹಿಸಿ ಎಂದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2019ರ ಜೂನ್‌ನಲ್ಲಿ ಚಾನೆಲ್‌ಗಳಿಗೆ ಸೂಚನೆ ಕೊಟ್ಟಿತ್ತು. ಟಿವಿಗೆ ಹೇಳಿದ ಮಾತು ಶಾಲೆಯ ವೇದಿಕೆಗೂ ಸಲ್ಲುತ್ತದೆ. ಟೀಚರ್ ಜೊತೆ ಮಾತಾಡುವಾಗ ಇದನ್ನು ಹೇಳಿ.

ಯಾವಾಗ ಮಾತಾಡುತ್ತೀರಿ ಅನ್ನುವುದು ಮುಖ್ಯ. ಕಾಸ್ಟ್ಯೂಮ್ ಬಾಡಿಗೆಗೆ ದುಡ್ಡು ಕಟ್ಟಿದ ಮೇಲೆ ಯಾರೂ ಹಾಡು ಬದಲಿಸುವುದಿಲ್ಲ. ಪ್ರಾಕ್ಟೀಸ್ ಶುರುವಾಗುವ ಮೊದಲೇ, ಇನ್ನೂ ಒಂದಿಬ್ಬರು ಪೋಷಕರನ್ನು ಜೊತೆಗೆ ಕರೆದುಕೊಂಡು ಹೋಗಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದೂರು ಬರೆಯಬೇಡಿ. ಟೀಚರ್‌ಗೆ ಎಲ್ಲರೆದುರು ಅವಮಾನವಾದರೆ ಕೆಲಸ ಕೆಡುತ್ತದೆ. "ಮೇಡಂ, ಈ ಹಾಡಿನ ಸಾಲು ಮಕ್ಕಳ ಬಾಯಲ್ಲಿ ಬೇಡ ಅನ್ಸುತ್ತೆ, ನಾವೇ ಬೇರೆ ಹುಡುಕಿ ತಂದಿದ್ದೀವಿ" ಎಂದು ಬದಲಿ ಹಾಡನ್ನು ಕೈಯಲ್ಲಿಟ್ಟುಕೊಂಡೇ ಹೋಗಿ. ಕೋಲಾಟ, ಕಂಸಾಳೆ, ಸುಗ್ಗಿ ಕುಣಿತಕ್ಕೆ ಬೇಕಾದಷ್ಟು ಹಾಡುಗಳಿವೆ. ತಾಳವೂ ಜೋರಾಗಿಯೇ ಇರುತ್ತದೆ. ಮಕ್ಕಳಿಗೆ ಬೇಕಾದದ್ದು ಆ ಜೋರು, ಸಾಹಿತ್ಯವಲ್ಲ. ಶಾಲೆ ಒಪ್ಪದಿದ್ದರೆ ಮಗುವನ್ನು ನಾಟಕಕ್ಕೋ ಸಮೂಹಗಾನಕ್ಕೋ ಸೇರಿಸಲು ಕೇಳಿ. ಪೂರ್ತಿ ಬಿಡಿಸಿ ಮನೆಯಲ್ಲಿ ಕೂರಿಸಬೇಡಿ. ಮಗುವಿಗೆ ಅದು ಶಿಕ್ಷೆಯಂತೆ ಕಾಣುತ್ತದೆ.

ನೋಡಬಾರದ್ದನ್ನು ನೋಡಿಬಿಟ್ಟರೆ

ಎಷ್ಟು ಕಾವಲು ಕಾದರೂ ಒಂದು ದಿನ ಇದು ಆಗುತ್ತದೆ. ಫೋನ್ ಕಿತ್ತುಕೊಂಡು ಕಿರುಚಿದರೆ ಮಗು ಮುಂದಿನ ಸಲ ಬಚ್ಚಿಟ್ಟುಕೊಂಡು ನೋಡುತ್ತದೆ. ಪಕ್ಕದಲ್ಲಿ ಕೂತು, "ಏನು ಕಾಣಿಸ್ತು? ಹೆದರಿಕೆ ಆಯ್ತಾ?" ಎಂದು ಕೇಳಿ. "ಅದು ದೊಡ್ಡವರಿಗೆ ಮಾಡಿರೋದು, ನಿನ್ನ ತಪ್ಪಿಲ್ಲ, ಹೇಳಿದ್ದು ಒಳ್ಳೇದಾಯ್ತು" ಅಂದರೆ ಸಾಕು. ಉದ್ದ ಪಾಠ ಬೇಡ. ಪ್ರಶ್ನೆ ಕೇಳಿದರೆ ಕೇಳಿದಷ್ಟಕ್ಕೆ ನಿಜವಾದ ಉತ್ತರ ಕೊಡಿ.

ಆದರೆ ಅಂಥ ವಿಡಿಯೊವನ್ನು ಯಾರಾದರೂ ದೊಡ್ಡವರೇ ತೋರಿಸಿದ್ದರೆ, ಫೋಟೊ ಕಳಿಸು ಎಂದು ಮಗುವನ್ನು ಕೇಳಿದ್ದರೆ, ಅದು ಮನೆಯೊಳಗೆ ಮುಚ್ಚಿಡುವ ವಿಷಯವಲ್ಲ, ಆ ವ್ಯಕ್ತಿ ಎಷ್ಟೇ ಹತ್ತಿರದ ನೆಂಟನಾಗಿರಲಿ. ಮೆಸೇಜ್‌ಗಳನ್ನು ಅಳಿಸದೆ ಇಟ್ಟುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತಾರೆ.