ಗೇಟಿನ ಮುಂದಿನ ಗಾಡಿಗೆ ಉತ್ತರ ಪ್ಲಾನಿನಲ್ಲಿತ್ತು

ನಮ್ಮದು ಬೆಂಗಳೂರಿನ ಒಂದು ಹಳೇ ಲೇಔಟ್. 30 ಅಡಿ ರಸ್ತೆ, ಎರಡೂ ಕಡೆ ಸೇರಿ 22 ಮನೆ. 2022ರ ಕೊನೆಯಲ್ಲಿ ಎದುರು ಸಾಲಿನ ಕಟ್ಟಡವೊಂದರ ಕೆಳಗೆ ಹೋಟೆಲ್ ಶುರುವಾಯಿತು. ಬೆಳಿಗ್ಗೆ ದೋಸೆ, ಸಂಜೆ ಚಾಟ್ಸ್. ಮೊದಲ ವಾರ ನಾವೂ ಹೋಗಿ ತಿಂದೆವು, ಚೆನ್ನಾಗಿಯೇ ಇತ್ತು. ಎರಡು ತಿಂಗಳಾಗುವಷ್ಟರಲ್ಲಿ ಮುಂದೆ ನಿಲ್ಲುವ ಗಾಡಿಗಳಿಂದ ನಮ್ಮ ಗೇಟು ತೆಗೆಯುವುದೇ ಕಷ್ಟವಾಯಿತು.

ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿಗೆ ಉಸಿರು ಕಟ್ಟಿದ ಹಾಗಾಯಿತು. ಆಂಬುಲೆನ್ಸ್ ಬೇಗ ಬಂತು. ಆದರೆ ಎರಡೂ ಕಡೆ ಕಾರು, ನಡುವೆ ಅಡ್ಡಾದಿಡ್ಡಿ ಬೈಕು. ಅದು ಮೂಲೆಯಲ್ಲೇ ನಿಂತುಬಿಟ್ಟಿತು. ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಹೋದೆವು. ಕುರ್ಚಿಯ ಒಂದು ಕಾಲು ನಾನು ಹಿಡಿದಿದ್ದೆ. ಬೈಕುಗಳ ನಡುವೆ ತೂರುವಾಗ ಅವರು ನನ್ನ ಭುಜ ಹಿಡಿದುಕೊಂಡ ಬಿಗಿ ಇನ್ನೂ ನೆನಪಿದೆ. ಅಜ್ಜಿ ಹುಷಾರಾಗಿ ಮನೆಗೆ ಬಂದರು. ನನಗೆ ಮಾತ್ರ ಸುಮ್ನೆ ಇರಲು ಆಗಲಿಲ್ಲ.

ಅಲ್ಲಿವರೆಗೆ ನಾವು ಮಾಡುತ್ತಿದ್ದದ್ದು ಜಗಳ. ‘ರೋಡು ನಿಮ್ಮಪ್ಪಂದಾ?’ ಅಂತ ಗಾಡಿಯವರು ಕೇಳುವರು. ಅದರಲ್ಲಿ ಅರ್ಧ ನಿಜ. ಮನೆ ಮುಂದಿನ ರಸ್ತೆ ನಮ್ಮದಲ್ಲ, ನಾವೇ ಕಲ್ಲು, ಹೂಕುಂಡ ಇಟ್ಟು ಜಾಗ ಹಿಡಿಯುವುದೂ ತಪ್ಪು. ಆದರೆ ಗೇಟಿಗೆ ಅಡ್ಡವಾಗಿ ನಿಲ್ಲಿಸುವುದು ನಿಯಮದ ಪ್ರಕಾರವೇ ತಪ್ಪು. ಫೋನ್ ಮಾಡಿದರೆ ಟ್ರಾಫಿಕ್ ಪೊಲೀಸರು ಬಂದು ದಂಡ ಹಾಕುತ್ತಿದ್ದರು. ಅರ್ಧ ಗಂಟೆಯಲ್ಲಿ ಅದೇ ಜಾಗಕ್ಕೆ ಇನ್ನೊಂದು ಕಾರು. ಊರಲ್ಲಿ ಟೋಯಿಂಗ್ ಬೇರೆ 2022ರ ಫೆಬ್ರವರಿಯಿಂದ ನಿಂತಿತ್ತು. ದಿನಕ್ಕೊಬ್ಬ ಹೊಸ ಡ್ರೈವರ್ ಜೊತೆ ವಾದ ಮಾಡಿ ಏನು ಪ್ರಯೋಜನ, ಅಲ್ವಾ?

ಹಾಗಾಗಿ ಮೊದಲು ಟೇಪ್ ಹಿಡಿದೆ. ಬೆಳಿಗ್ಗೆ ಆರಕ್ಕೆ ಪಕ್ಕದ ಮನೆಯವರ ಜೊತೆ ರಸ್ತೆ ಅಳೆದೆವು. ಕಾಂಪೌಂಡಿನಿಂದ ಕಾಂಪೌಂಡಿಗೆ 30 ಅಡಿ. ಚರಂಡಿ, ಗೇಟಿನ ರ‍್ಯಾಂಪು, ಗಿಡ ಕಳೆದರೆ ಟಾರು ಉಳಿದದ್ದು 19 ಅಡಿ. ಒಂದು ಸ್ವಿಫ್ಟ್ ಕಾರಿನ ಅಗಲ 5 ಅಡಿ 8 ಅಂಗುಲ. ಎದುರುಬದುರು ಎರಡು ನಿಂತರೆ ನಡುವೆ ಎಂಟು ಅಡಿಯೂ ಇಲ್ಲ. ಕನ್ನಡಿ, ಒರಗಿಸಿಟ್ಟ ಬೈಕು ಲೆಕ್ಕ ಹಾಕಿದರೆ ಆಂಬುಲೆನ್ಸ್ ಯಾಕೆ ಬರಲಿಲ್ಲ ಅಂತ ಗೊತ್ತಾಗುತ್ತದೆ.

ಆಮೇಲೆ ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದೆ. ಹೆಚ್ಚಿನ ರಾತ್ರಿ ಎಂಟೂವರೆಗೆ 14 ಕಾರು ಇರುತ್ತಿದ್ದವು. ಅದರಲ್ಲಿ 6 ನಮ್ಮ ಬೀದಿಯವೇ! ಮೂರು ಮನೆಗಳ ಕಾರ್ ಶೆಡ್ಡಿನಲ್ಲಿ ಕಾರೇ ಇರಲಿಲ್ಲ. ಒಂದರಲ್ಲಿ ಗೋಡೌನು, ಒಂದರಲ್ಲಿ ಬಾಡಿಗೆ ರೂಮು. ಮೂರನೆಯದು ನಮ್ಮದು, ಹಳೇ ಮಂಚ ಮತ್ತು ಕೆಟ್ಟುಹೋದ ವಾಷಿಂಗ್ ಮಷಿನ್. ಅದನ್ನು ಖಾಲಿ ಮಾಡಿ ಕಾರು ಒಳಗೆ ಹಾಕಿದ ಮೇಲೆಯೇ ಬೇರೆಯವರ ಹತ್ತಿರ ಮಾತಾಡಲು ಹೋದೆ. ಹಾಗೆ ಮಾಡದಿದ್ದರೆ ಯಾರೂ ಕೇಳುತ್ತಿರಲಿಲ್ಲ ಅಂತ ಈಗಲೂ ನಂಬುತ್ತೇನೆ.

ಇನ್ನು ಹೋಟೆಲ್ಲಿನ ವಿಷಯ. ಊರಿನಲ್ಲಿ ಎಲ್ಲಿ ಮನೆ, ಎಲ್ಲಿ ವ್ಯಾಪಾರ ಅಂತ ಗುರುತಿಸುವ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ನಮ್ಮ ಬೀದಿ ಪೂರ್ತಿ ವಸತಿ ವಲಯ. ಇಂಥ ವಲಯದಲ್ಲಿ ರಸ್ತೆ 40 ಅಡಿಗಿಂತ ಕಿರಿದಾಗಿದ್ದರೆ ವ್ಯಾಪಾರಕ್ಕೆ ಕಟ್ಟುಪಾಡು ಜಾಸ್ತಿ. ಹಾಲಿನ ಬೂತು, ತರಕಾರಿ, ಟೈಲರ್ ಇದ್ದರೆ ಬೀದಿಗೇ ಅನುಕೂಲ. ಅವು ಬೇಡ ಅಂದವನು ನಾನಲ್ಲ. ಊರಿನ ಗಾಡಿಗಳನ್ನೆಲ್ಲ ಎಳೆದು ತರುವ ವ್ಯಾಪಾರ ಬೇರೆ.

ಪಾಲಿಕೆಗೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಮೊದಲ ಅರ್ಜಿ ವಾಪಸ್ ಬಂತು, ತಪ್ಪು ನನ್ನದೇ. ಲೈಸೆನ್ಸು, ಪ್ಲಾನು, ಕಸ, ಹೊಗೆ ಎಲ್ಲವನ್ನೂ ಎರಡು ಪುಟ ಬರೆದಿದ್ದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದ ಮೀರಬಾರದು. ಹಾಗಾಗಿ ಎರಡು ಬೇರೆ ಅರ್ಜಿ ಬರೆದೆ, ಒಂದೊಂದಕ್ಕೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಒಂದರಲ್ಲಿ ಟ್ರೇಡ್ ಲೈಸೆನ್ಸ್ ಪ್ರತಿ, ಇನ್ನೊಂದರಲ್ಲಿ ಮಂಜೂರಾದ ಕಟ್ಟಡ ನಕ್ಷೆ ಕೇಳಿದೆ. ಕಾನೂನು ಹೇಳುವ 30 ದಿನ ಕಾದೆ. ನಕ್ಷೆ ಕೊನೇ ವಾರದಲ್ಲಿ ಕೈಗೆ ಬಂತು.

ಅದನ್ನು ಊಟದ ಮೇಜಿನ ಮೇಲೆ ಹರಡಿ ನೋಡಿದೆ. ನೆಲಮಟ್ಟದಲ್ಲಿ ‘ಸ್ಟಿಲ್ಟ್ ಪಾರ್ಕಿಂಗ್’, ಅಂದರೆ ಕಟ್ಟಡವನ್ನು ಕಂಬಗಳ ಮೇಲೆ ನಿಲ್ಲಿಸಿ ಕೆಳಗೆ ಗಾಡಿಗೆ ಬಿಟ್ಟ ಜಾಗ, ಕಾಲಂಗಳ ನಡುವೆ ನಾಲ್ಕು ಕಾರಿನ ಚೌಕ. ಮೇಲೆ ನಾಲ್ಕು ಮನೆ. ಹೋಟೆಲ್ಲಿನ ಒಲೆ, ಕೌಂಟರ್, ಮೇಜು ಎಲ್ಲವೂ ಆ ಚೌಕಗಳ ಮೇಲೆಯೇ ಇದ್ದವು. ಪಾರ್ಕಿಂಗ್ ಅಂತ ತೋರಿಸಿದ ಜಾಗ, ಸೈಟಿನ ಅಳತೆಗೆ ಒಟ್ಟು ಎಷ್ಟು ಕಟ್ಟಬಹುದು ಅನ್ನುವ ಎಫ್‌ಎಆರ್ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ಅಷ್ಟು ಜಾಗವನ್ನು ಲೆಕ್ಕದಿಂದ ಹೊರಗಿಟ್ಟು ಮೇಲೆ ಮನೆ ಕಟ್ಟಲು ಸಿಗುತ್ತದೆ. ಕೆಳಗೆ ಬಾಡಿಗೆಗೆ ಕೊಟ್ಟರೆ ಆ ನಾಲ್ಕು ಮನೆಯ ಕಾರುಗಳು ರಸ್ತೆಗೆ ಬೀಳುತ್ತವೆ, ಹೋಟೆಲ್ ಗಿರಾಕಿಗಳ ಗಾಡಿ ಅದರ ಮೇಲೆ. ಇಷ್ಟು ದಿನ ನಾನು ಡ್ರೈವರ್‌ಗಳ ಮೇಲೆ ಸಿಟ್ಟಾಗುತ್ತಿದ್ದೆ. ತೊಂದರೆ ಶುರುವಾದದ್ದು ಆ ಕಾಲಂಗಳ ನಡುವೆ.

ದೂರು ಕೊಡುವ ಮೊದಲು ಕಟ್ಟಡದ ಮಾಲೀಕರ ಮನೆಗೆ ಹೋದೆ. ಮಗಳ ಮದುವೆ ಸಾಲ, ಬ್ಯಾಂಕಿನ ಕಂತು, ಎಲ್ಲ ಹೇಳಿದರು. ಕೆಟ್ಟವರಲ್ಲ. ‘ಎಲ್ಲರೂ ಮಾಡ್ತಾರೆ’ ಅಂದರು. ನಾನು ನಕ್ಷೆ, ಅಳತೆ, ಆ ಭಾನುವಾರ ತೆಗೆದ ರಸ್ತೆಯ ಫೋಟೊ ತೋರಿಸಿದೆ. ಒಪ್ಪಲಿಲ್ಲ. ಆಮೇಲೆ 17 ಮನೆಯವರ ಸಹಿ ಹಾಕಿಸಿ ಪಾಲಿಕೆಗೆ ಒಂದು ಪುಟದ ಅರ್ಜಿ ಕೊಟ್ಟೆವು. ‘ತೊಂದರೆಯಾಗುತ್ತಿದೆ’ ಅಂತ ಬರೆಯಲಿಲ್ಲ. ‘ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಇರುವ ಕಡೆ ಅಡುಗೆಮನೆ ಇದೆ, ದಯವಿಟ್ಟು ಸ್ಥಳ ಪರಿಶೀಲಿಸಿ’ ಅಂತ ಮಾತ್ರ ಬರೆದು, ನಕ್ಷೆಯ ಪ್ರತಿ ಲಗತ್ತಿಸಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡೆ. ಆ ಸೀಲು ಇಲ್ಲದೆ ಎಲ್ಲಿಗೂ ಅರ್ಜಿ ಕೊಡಬೇಡಿ.

ನಾಲ್ಕು ತಿಂಗಳು, ಒಂಬತ್ತು ಓಡಾಟ. ಪರಿಶೀಲನೆ ಆಯಿತು, ನೋಟಿಸ್ ಹೋಯಿತು. ಕೊನೆಗೆ ಹೋಟೆಲ್ ಮುಖ್ಯ ರಸ್ತೆಗೆ ಹೋಯಿತು. ಅಲ್ಲಿ ವ್ಯಾಪಾರ ಚೆನ್ನಾಗಿದೆ, ನಾವು ಈಗಲೂ ಹೋಗುತ್ತೇವೆ. ಗೋಡೆ ಒಡೆದು ಟೈಲ್ಸ್ ಕಿತ್ತ ದಿನ ಕಾಲಂ ಮೇಲೆ ಹಳದಿ ಪೇಂಟಿನ ‘3’ ಕಾಣಿಸಿತು. ಮೂರನೇ ಪಾರ್ಕಿಂಗ್ ಜಾಗ. ಕಟ್ಟುವಾಗಲೇ ಬರೆದಿದ್ದರು.

ರಾತ್ರಿ ಈಗಲೂ ನಾಲ್ಕು ಕಾರು ರಸ್ತೆಯಲ್ಲಿ ಇರುತ್ತವೆ. ಅವರ ಮನೆಯಲ್ಲಿ ನಿಜಕ್ಕೂ ಜಾಗ ಇಲ್ಲ. 2021ರ ಪಾರ್ಕಿಂಗ್ ನೀತಿಯಲ್ಲಿ ಇಂಥವರಿಗೆ ವರ್ಷದ ಪರ್ಮಿಟ್ ಕೊಡುವ ಮಾತಿದೆ, ನಮ್ಮ ಬೀದಿಗೆ ಅದು ಇನ್ನೂ ಬಂದಿಲ್ಲ. ಅಲ್ಲಿವರೆಗೆ ನಾವೇ ಒಂದು ಮಾತು ಮಾಡಿಕೊಂಡಿದ್ದೇವೆ. ನಾಲ್ಕೂ ಒಂದೇ ಬದಿಯಲ್ಲಿ, ಅಜ್ಜಿಯ ಮನೆಯ ಎದುರು ಮಾತ್ರ ಯಾವುದೂ ಇಲ್ಲ.