ಟಂಗ್‌ಸ್ಟನ್‌ಗೆ ಸಾಣೆ ಹಿಡಿಯುವುದು ಹೇಗೆ?

ಜೂನ್ 1 ಬಂತೆಂದರೆ ಬೈತಖೋಲ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಲ್ಲುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಕಾರವಾರದ ನಮ್ಮಂಥ ಫ್ಯಾಬ್ರಿಕೇಶನ್ ಅಂಗಡಿಯವರಿಗೆ ಕೈತುಂಬ ಕೆಲಸ. ಒಬ್ಬರ ರೇಲಿಂಗ್ ಕಿತ್ತಿರುತ್ತದೆ, ಇನ್ನೊಬ್ಬರ ನೀರಿನ ಟ್ಯಾಂಕ್ ಸೋರುತ್ತಿರುತ್ತದೆ. ಉಪ್ಪು ನೀರಿನ ಊರು, ಹಾಗಾಗಿ ಎಲ್ಲರಿಗೂ ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಬೇಕು. ಅದನ್ನು ಕೂಡಿಸಲು ಆರ್ಗಾನ್ ವೆಲ್ಡಿಂಗ್. ಟಿಗ್ ಎನ್ನುವುದೂ ಅದನ್ನೇ. ಇದರ ಟಾರ್ಚಿನಲ್ಲಿ ಟಂಗ್‌ಸ್ಟನ್ ಎಂಬ ಲೋಹದ ಸಪೂರ ಕಡ್ಡಿ ಇರುತ್ತದೆ. ಅದರ ಮೊನೆಗೂ ಶೀಟಿಗೂ ನಡುವೆ ಉರಿಯುವ ಕರೆಂಟಿನ ಜ್ವಾಲೆಯೇ ಆರ್ಕ್, ಅದಕ್ಕೆ ಗಾಳಿ ತಾಗದಂತೆ ಕಾಯುವುದು ಆರ್ಗಾನ್ ಗ್ಯಾಸ್.

ಕಲಿಯಲು ಬರುವ ಹುಡುಗರು ಮೊದಲು ಕೇಳುವುದು ಆಂಪಿಯರ್ ಎಷ್ಟಿಡಬೇಕು ಎಂದು. ನಾನು ಮೊದಲು ಅವರ ಟಂಗ್‌ಸ್ಟನ್ ಹೊರಗೆ ತೆಗೆಸಿ ನೋಡುತ್ತೇನೆ. ಇದಕ್ಕೆ ಕಾರಣವಿದೆ.

ನಾನು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲ. 1.2 ಮಿ.ಮೀ. ದಪ್ಪದ ಎಸ್‌ಎಸ್ ಶೀಟಿನ ಮೂಲೆ ಕೂಡಿಸಬೇಕಿತ್ತು. ಆರ್ಕ್ ಜೋಡಣೆಯ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಒಮ್ಮೆ ಎಡಕ್ಕೆ ಹೋಯಿತು, ಒಮ್ಮೆ ಬಲಕ್ಕೆ. ಆಂಪಿಯರ್ ಇಳಿಸಿದೆ, ಗ್ಯಾಸ್ ಏರಿಸಿದೆ, ಅರ್ತ್ ಕ್ಲ್ಯಾಂಪ್ ಜಾಗ ಬದಲಿಸಿದೆ. ಶೀಟು ಎರಡು ಕಡೆ ತೂತಾಯಿತು. ಆಗ ಹಿರಿಯ ಮೇಸ್ತ್ರಿ ಬಂದು, ಟಾರ್ಚಿನಿಂದ ಟಂಗ್‌ಸ್ಟನ್ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದರು. ಮೊನೆ ಚೂಪಾಗಿಯೇ ಇತ್ತು. ಆದರೆ ಅದರ ಸುತ್ತ ಸ್ಕ್ರೂವಿನ ಹಲ್ಲಿನಂತೆ ಬಳೆ ಬಳೆಯಾಗಿ ಸಣ್ಣ ಗೆರೆಗಳಿದ್ದವು. ‘ತಮಾ, ಕರೆಂಟು ಗೆರೆ ಹಿಡಿದು ಹೋಗ್ತದೆ. ನೀನು ಅಡ್ಡ ಗೆರೆ ಹಾಕಿದ್ರೆ ಅದು ಮೊನೆಗೆ ಬರೋದು ಹೇಗೆ?’ ಎಂದರು. ಐದೇ ನಿಮಿಷದಲ್ಲಿ ಉದ್ದ ಗೆರೆ ಬರುವಂತೆ ಸಾಣೆ ಹಿಡಿದು ಕೊಟ್ಟರು. ಅದೇ ಶೀಟು, ಅದೇ ಆಂಪಿಯರ್. ಆರ್ಕ್ ದಾರ ಕಟ್ಟಿದ ಹಾಗೆ ನೆಟ್ಟಗೆ ನಿಂತಿತು.

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಅದನ್ನೇ ಇಡಿ. ಸಾಣೆಯ ಗೆರೆಗಳು ಟಂಗ್‌ಸ್ಟನ್ನಿನ ಉದ್ದಕ್ಕೆ, ಮೊನೆಯ ಕಡೆಗೆ ಓಡಬೇಕು.

ಮೊದಲು ಕಡ್ಡಿ ನೋಡಿ

ಟಂಗ್‌ಸ್ಟನ್ 3,422 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಲೋಹಗಳಲ್ಲಿ ಇಷ್ಟು ಕಾವು ತಡೆಯುವುದು ಬೇರೆ ಇಲ್ಲ. ಅಂಗಡಿಯಲ್ಲಿ ಸಿಗುವ ಕಡ್ಡಿಯ ಒಂದು ತುದಿಗೆ ಬಣ್ಣ ಹಚ್ಚಿರುತ್ತಾರೆ. ಹಸಿರು ಅಂದರೆ ಶುದ್ಧ ಟಂಗ್‌ಸ್ಟನ್. ಕೆಂಪು ಅಂದರೆ 2% ಥೋರಿಯಂ ಆಕ್ಸೈಡ್ ಬೆರೆಸಿದ್ದು. ಬೂದು ಬಣ್ಣದ್ದರಲ್ಲಿ ಸೀರಿಯಂ, ನೀಲಿಯದರಲ್ಲಿ 2% ಲ್ಯಾಂಥನಂ. ಬಣ್ಣ ಇಲ್ಲದ ತುದಿಯನ್ನೇ ಸಾಣೆ ಹಿಡಿಯಿರಿ. ಬಣ್ಣ ಹೋದರೆ ಡಬ್ಬಿಯಲ್ಲಿ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ನನ್ನ ಮಾತು ಕೇಳುವುದಾದರೆ ಕೆಂಪು ಬಿಟ್ಟು ನೀಲಿ ತೆಗೆದುಕೊಳ್ಳಿ. ಥೋರಿಯಂ ಕೇರಳದ ಕರಾವಳಿಯ ಮೊನಜೈಟ್ ಮರಳಿನಲ್ಲಿ ಸಿಗುವ ವಿಕಿರಣಶೀಲ ಧಾತು. ಕಡ್ಡಿ ಕೈಯಲ್ಲಿದ್ದರೆ ದೊಡ್ಡ ಅಪಾಯವಿಲ್ಲ. ಸಾಣೆ ಹಿಡಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗುವುದೇ ಕೆಟ್ಟದ್ದು. ನಮ್ಮ ಜಿಲ್ಲೆಯಲ್ಲಿ ಕವಳ ಹಾಕುವವರು ಜಾಸ್ತಿ. ಸಾಣೆ ಹಿಡಿದ ಕೈಯಲ್ಲೇ ಎಲೆಗೆ ಸುಣ್ಣ ಹಚ್ಚಬೇಡಿ, ಸೋಪು ಹಾಕಿ ಕೈ ತೊಳೆಯಿರಿ. ಯಾವ ಬಣ್ಣದ್ದಾದರೂ ಸರಿ, ಕನ್ನಡಕ ಮತ್ತು ಧೂಳು ತಡೆಯುವ ಒಳ್ಳೆಯ ಮಾಸ್ಕ್ ಇರಲಿ. ಧೂಳನ್ನು ಏರ್ ಗನ್ನಿನಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಕಲ್ಲು ಬೇರೆಯೇ ಇರಲಿ

ಕತ್ತಿ ಮಸೆದ, ಕಬ್ಬಿಣದ ಆ್ಯಂಗಲ್ ಉಜ್ಜಿದ ಕಲ್ಲಿನಲ್ಲೇ ಟಂಗ್‌ಸ್ಟನ್ ಹಿಡಿದರೆ ಆ ಕಬ್ಬಿಣದ ಪುಡಿ ಮೊನೆಗೆ ಅಂಟುತ್ತದೆ. ಆರ್ಕ್ ಹಚ್ಚಿದ ಕೂಡಲೇ ಅದು ಸಿಡಿದು ವೆಲ್ಡಿನೊಳಗೆ ಬೀಳುತ್ತದೆ. ಶಿರಸಿ ಕಡೆಯಿಂದ ಮುರುಗಲು ಸಿರಪ್ ಮಾಡುವವರು ಎಸ್‌ಎಸ್ ಪಾತ್ರೆ ಮಾಡಿಸುತ್ತಾರೆ. ಹುಳಿ ರಸ ಇಡುವ ಪಾತ್ರೆ ಅದು. ಜೋಡಣೆಯಲ್ಲಿ ಕಬ್ಬಿಣ ಸೇರಿದರೆ ಅಲ್ಲೇ ತುಕ್ಕು ಶುರುವಾಗುತ್ತದೆ.

ಬೆಂಚ್ ಗ್ರೈಂಡರಿನ ಒಂದು ಕಲ್ಲನ್ನು ಟಂಗ್‌ಸ್ಟನ್‌ಗೆಂದೇ ಬಿಡಿ. ಮೇಲೆ ಪೇಂಟಿನಲ್ಲಿ ಬರೆದಿಡಿ, ಇಲ್ಲದಿದ್ದರೆ ಯಾರಾದರೂ ಬಂದು ಉಳಿ ಮಸೆದು ಹೋಗುತ್ತಾರೆ. ಡೈಮಂಡ್ ವೀಲ್ ಎಲ್ಲಕ್ಕಿಂತ ಒಳ್ಳೆಯದು, ಆದರೆ ದುಬಾರಿ. ನಯವಾದ ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಸಣ್ಣ ಅಂಗಡಿಗೆ ಸಾಕು. ಒರಟು ಕಲ್ಲು ಬೇಡ, ಗೆರೆ ಆಳವಾಗುತ್ತದೆ. ಕಡ್ಡಿ ಊರುವ ಪಟ್ಟಿಗೂ ಕಲ್ಲಿಗೂ 3 ಮಿ.ಮೀ.ಗಿಂತ ಹೆಚ್ಚು ಸಂದಿ ಇರಬಾರದು. ಇದ್ದರೆ ಸಪೂರ ಕಡ್ಡಿ ಒಳಗೆ ಸಿಕ್ಕಿಕೊಳ್ಳುತ್ತದೆ.

ಹಿಡಿಯುವ ಬಗೆ

ಕಲ್ಲಿನ ಪಕ್ಕದ ಮೈಗೆ ಒತ್ತಬೇಡಿ. ಸಾದಾ ಕಲ್ಲು ಆ ಒತ್ತಡಕ್ಕೆ ಒಡೆಯಬಹುದು. ಸುತ್ತಿನ ಮುಖದ ಮೇಲೆ, ಕಲ್ಲು ಓಡುವ ದಿಕ್ಕಿಗೇ ಕಡ್ಡಿಯ ಉದ್ದ ಹೊಂದುವಂತೆ ಹಿಡಿಯಿರಿ. ಅಡ್ಡ ಹಿಡಿದರೆ ಆಗಲೇ ಹೇಳಿದ ಬಳೆ ಗೆರೆ ಬೀಳುತ್ತದೆ. ಈಗ ಬೆರಳುಗಳ ನಡುವೆ ಕಡ್ಡಿಯನ್ನು ಒಂದೇ ಸಮನೆ ತಿರುಗಿಸುತ್ತಾ ಹೋಗಿ, ಹತ್ತಿಯ ಬತ್ತಿ ಹೊಸೆಯುವ ಹಾಗೆ. ತಿರುಗಿಸುವುದು ನಿಂತರೆ ಒಂದು ಮಗ್ಗುಲು ಚಪ್ಪಟೆಯಾಗಿ ಮೊನೆ ನಡುವಿನಿಂದ ಸರಿಯುತ್ತದೆ.

ಜೋರಾಗಿ ಒತ್ತುವುದೂ ಬೇಡ. ಕಡ್ಡಿ ಕಾದು ಬೆರಳು ಸುಡುತ್ತದೆ, ಮೊನೆ ನೀಲಿಯಾಗುತ್ತದೆ. ಬಿಸಿಯಾದರೆ ಗಾಳಿಗೆ ಹಿಡಿದು ಆರಿಸಿ, ಆಮೇಲೆ ಮುಂದುವರಿಸಿ.

ಕೈ ಪಳಗುವವರೆಗೆ ಕಾರ್ಡ್‌ಲೆಸ್ ಡ್ರಿಲ್ ತುಂಬ ಸಹಾಯ ಮಾಡುತ್ತದೆ. ಡ್ರಿಲ್ಲಿಗೆ ಕಡ್ಡಿ ಕಚ್ಚಿಸಿ, ಮೆಲ್ಲಗೆ ತಿರುಗಿಸುತ್ತಾ ಕಲ್ಲಿಗೆ ತಾಗಿಸಿ. ಇಲ್ಲೂ ಕಡ್ಡಿ ಕಲ್ಲಿನ ಓಟದ ದಿಕ್ಕಿಗೇ ಇರಬೇಕು. ಡ್ರಿಲ್ ತಿರುಗಿದರೆ ಸುತ್ತಲೂ ಗೆರೆ ಬೀಳುವುದಿಲ್ಲವೇ ಎಂದು ಕೇಳಬಹುದು. ಕಲ್ಲಿನ ವೇಗದ ಮುಂದೆ ಡ್ರಿಲ್ಲಿನ ವೇಗ ಏನೂ ಅಲ್ಲ. ಡ್ರಿಲ್ ನಿಧಾನವಿದ್ದಷ್ಟೂ ಗೆರೆ ನೆಟ್ಟಗಿರುತ್ತದೆ. ಬೆರಳಲ್ಲಿ ಹಿಡಿಯಲಾಗದ ಮೋಟು ಕಡ್ಡಿಗೂ ಇದೇ ದಾರಿ.

ಸೋಡಿಯಂ ನೈಟ್ರೈಟ್‌ನಂಥ ರಾಸಾಯನಿಕಕ್ಕೆ ಕೆಂಪಗೆ ಕಾಯಿಸಿದ ಮೊನೆ ಅದ್ದಿ ಚೂಪು ಮಾಡುವ ಪದ್ಧತಿಯೂ ಉಂಟು. ಅಂಗಡಿ ತುಂಬ ಹೊಗೆ, ಚರ್ಮಕ್ಕೂ ಕೆಟ್ಟದ್ದು. ನಾನು ಅದನ್ನು ಯಾರಿಗೂ ಕಲಿಸುವುದಿಲ್ಲ.

ಎಷ್ಟು ಚೂಪು?

ಕಡ್ಡಿಯ ದಪ್ಪದ ಎರಡರಿಂದ ಎರಡೂವರೆ ಪಟ್ಟು ಉದ್ದಕ್ಕೆ ಇಳಿಜಾರು ಬರಲಿ. 2.4 ಮಿ.ಮೀ. ಕಡ್ಡಿಗೆ 5ರಿಂದ 6 ಮಿ.ಮೀ. ಆಗ ಕೋನ 25 ಡಿಗ್ರಿ ಆಸುಪಾಸು ಬರುತ್ತದೆ. ತೆಳು ಶೀಟು, ಕಡಿಮೆ ಆಂಪಿಯರ್ ಇರುವ ಕೆಲಸಕ್ಕೆ ಇದು ಸರಿ. ಇಂಥ ಉದ್ದ ಮೊನೆಯಿಂದ ಆರ್ಕ್ ಅಗಲವಾಗಿ ಹರಡುತ್ತದೆ, ಆಳಕ್ಕೆ ಇಳಿಯುವುದು ಕಡಿಮೆ. ದಪ್ಪ ಪ್ಲೇಟಿಗೆ ಮೊಂಡು ಕೋನ, 60 ಡಿಗ್ರಿವರೆಗೆ ಹೋಗಬಹುದು. ಆಗ 2.4ರ ಕಡ್ಡಿಗೆ ಇಳಿಜಾರು ಬರೀ 2 ಮಿ.ಮೀ. ಆರ್ಕ್ ಕಿರಿದಾಗಿ ಆಳಕ್ಕೆ ಇಳಿಯುತ್ತದೆ. ಚೂಪು ಹೆಚ್ಚಿದರೆ ಆಳ ಹೆಚ್ಚು ಎಂದು ಬಹಳ ಮಂದಿ ತಿಳಿದಿದ್ದಾರೆ. ನಡೆಯುವುದು ಅದರ ಉಲ್ಟಾ.

ಕೊನೆಗೆ ಒಂದು ಕೆಲಸ ಉಳಿಯುತ್ತದೆ. ಸೂಜಿಯಂಥ ತುದಿಯನ್ನು ಕಲ್ಲಿಗೆ ನೇರ ಹಿಡಿದು ಒಂದೇ ಒಂದು ಸಲ ಮುಟ್ಟಿಸಿ. ಕಾಲು ಮಿ.ಮೀ.ನಷ್ಟು ಚಪ್ಪಟೆ ಬಂದರೆ ಸಾಕು. ಆಂಪಿಯರ್ ಏರಿದಾಗ ಸೂಜಿ ತುದಿ ಕರಗಿ ವೆಲ್ಡಿನೊಳಗೆ ಬೀಳುತ್ತದೆ. ಎಕ್ಸ್‌ರೇ ಪರೀಕ್ಷೆ ಇರುವ ಪೈಪ್ ಕೆಲಸದಲ್ಲಿ ಆ ಚೂರು ಫಿಲ್ಮಿನ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಜಾಯಿಂಟ್ ರಿಜೆಕ್ಟ್ ಆಗುತ್ತದೆ. ತೀರಾ ಕಡಿಮೆ ಆಂಪಿಯರಿನ ತೆಳು ಕೆಲಸಕ್ಕೆ ಮಾತ್ರ ಸೂಜಿ ಮೊನೆ ಹಾಗೇ ಇರಲಿ.

ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನ್ನಿನಲ್ಲಿ ಅಲ್ಯೂಮಿನಿಯಂ ಮಾಡುವವರು ಹಸಿರು ಕಡ್ಡಿಯ ತುದಿ ಗುಂಡಗೆ ಮಾಡಿಕೊಳ್ಳುತ್ತಾರೆ. ಆ ಗುಂಡು ಕಡ್ಡಿಯ ದಪ್ಪದ ಒಂದೂವರೆ ಪಟ್ಟು ಮೀರಬಾರದು. ಇನ್ವರ್ಟರ್ ವೆಲ್ಡಿಂಗ್ ಮಷಿನ್ ಇದ್ದರೆ ಅಲ್ಯೂಮಿನಿಯಂಗೆ ಬಳಸುವ ಎಸಿ ಕರೆಂಟಿನಲ್ಲೂ ನೀಲಿ ಕಡ್ಡಿ ಚೂಪು ಮಾಡಿ, ತುದಿ ಸ್ವಲ್ಪ ಚಪ್ಪಟೆ ಬಿಟ್ಟರೆ ಚೆನ್ನಾಗಿ ನಡೆಯುತ್ತದೆ.

ಮೊನೆ ಅದ್ದಿಹೋದರೆ

ಕರಗಿದ ಲೋಹಕ್ಕೆ ಮೊನೆ ತಾಗುವುದು ಎಲ್ಲರಿಗೂ ಆಗುತ್ತದೆ. ಅಂಟಿದ ಲೋಹದ ಸಮೇತ ಹಾಗೇ ಸಾಣೆ ಹಿಡಿಯಬೇಡಿ, ಕಲ್ಲೂ ಕೆಡುತ್ತದೆ. ಕೆಟ್ಟ ಭಾಗವನ್ನು ಮೊದಲು ತೆಗೆಯಿರಿ. ಬಗ್ಗಿಸಿ ಮುರಿದರೆ ಟಂಗ್‌ಸ್ಟನ್ ಉದ್ದಕ್ಕೆ ಸೀಳುತ್ತದೆ, ಆ ಸೀಳು ಕಣ್ಣಿಗೆ ಕಾಣದಿರಬಹುದು. ಸಣ್ಣ ಡೈಮಂಡ್ ಡಿಸ್ಕಿನಲ್ಲಿ ಸುತ್ತ ಕಚ್ಚು ಹಾಕಿ ಕತ್ತರಿಸಿ, ಆಮೇಲೆ ಹೊಸ ಮೊನೆ ಮಾಡಿ.

ಹಚ್ಚಿ ನೋಡಿ

ಟಾರ್ಚ್ ನೆಗೆಟಿವ್‌ಗೆ ಇದೆಯೇ ನೋಡಿಕೊಳ್ಳಿ. ತಪ್ಪಿ ಪಾಸಿಟಿವ್‌ಗೆ ಕೊಟ್ಟರೆ ಅಷ್ಟು ಹೊತ್ತು ಕೂತು ಮಾಡಿದ ಮೊನೆ ಕ್ಷಣದಲ್ಲಿ ಕರಗುತ್ತದೆ. ಒಂದು ತುಂಡು ಶೀಟಿನ ಮೇಲೆ ಹತ್ತು ಸೆಕೆಂಡ್ ಆರ್ಕ್ ಹಿಡಿಯಿರಿ. ಆರಿಸಿದ ಮೇಲೆ ಟಾರ್ಚ್ ಎತ್ತದೆ, ಗ್ಯಾಸ್ ನಿಲ್ಲುವವರೆಗೆ ಅಲ್ಲೇ ಇರಲಿ. ಪ್ರತಿ 10 ಆಂಪಿಯರ್‌ಗೆ 1 ಸೆಕೆಂಡಿನ ಲೆಕ್ಕದಲ್ಲಿ, ಕಡಿಮೆ ಅಂದರೂ 8 ಸೆಕೆಂಡ್ ಗ್ಯಾಸ್ ಬರುವಂತೆ ಇಡಿ.

ಈಗ ಮೊನೆ ನೋಡಿ. ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಎಲ್ಲ ಸರಿ ಇದೆ. ನೀಲಿ ಅಥವಾ ಕಪ್ಪಾಗಿದ್ದರೆ ಬಿಸಿ ಮೊನೆಗೆ ಗಾಳಿ ತಾಗಿದೆ ಎಂದರ್ಥ. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ, ಬಾಗಿಲು ತೆರೆದಿದ್ದರೆ ಆರ್ಗಾನ್ ಅದರ ಜೊತೆಗೇ ಹೋಗುತ್ತದೆ. ಗ್ಯಾಸ್ ಸುಮ್ನೆ ಏರಿಸುತ್ತಾ ಹೋಗಬೇಡಿ, ಪಶ್ಚಿಮದ ಕಡೆಗೆ ಒಂದು ತಾಡಪಾಲು ಇಳಿಬಿಡಿ.

ಬೆಳಗ್ಗೆ ಕೆಲಸ ಶುರು ಮಾಡುವ ಮೊದಲೇ ಐದಾರು ಕಡ್ಡಿಗಳಿಗೆ ಮೊನೆ ಮಾಡಿ, ಮೊನೆ ಮೇಲಾಗಿ ಒಂದು ಪಿವಿಸಿ ಪೈಪಿನ ತುಂಡಿನಲ್ಲಿ ನಿಲ್ಲಿಸಿಡಿ. ಒಂದು ಅದ್ದಿಹೋದರೆ ಇನ್ನೊಂದು ಕೈಗೆ ಸಿಗುತ್ತದೆ. ಕೆಟ್ಟದ್ದರಲ್ಲೇ ಇನ್ನೊಂದಿಂಚು ಎಳೆದುಬಿಡೋಣ ಎಂದು ಮನಸ್ಸಾಗುವುದಿಲ್ಲ.